ಔಷಧ ಹಾಕಿದ ಕೆರೆ

ಮೊನ್ನೆ ಕಲಬುರಗಿಯ ಗಂಜ್ ಮಾರುಕಟ್ಟೆಯಲ್ಲಿ ದನದ ಮೇವಿನ ಅಂಗಡಿಯೊಂದರ ಮುಂದೆ ನಾನು ಕೂತಿದ್ದ ಆಟೋ ಸಿಕ್ಕಿಹಾಕಿಕೊಂಡಿತು. ಆಗಷ್ಟೇ ಮಳೆ ಹೊಯ್ದು ನಿಂತಿತ್ತು. ಅಂಗಡಿಯವನು ತೊಯ್ದ ಚೀಲ ಬಿಚ್ಚಿ ಶೇಂಗಾ ಹಿಂಡಿಯನ್ನು ತಾಡಪತ್ರಿಯ ಮೇಲೆ ಹರವುತ್ತಿದ್ದ. ಒದ್ದೆ ಹಿಂಡಿಯ ಕಮಟು ವಾಸನೆ ಮೂಗಿಗೆ ಬಡಿದದ್ದೇ ತಡ, ಎಲ್ಲಿಗೆ ಹೊರಟಿದ್ದೆ ಎನ್ನುವುದೇ ಮರೆತುಹೋಯಿತು. ಬೇರೆಯವರಿಗೆ ಅದು ಎಮ್ಮೆಯ ಕೊಟ್ಟಿಗೆಯ ವಾಸನೆ, ನನಗೆ ಮೀನಿನದು. ಎಂಬತ್ತರ ದಶಕದ ಕೊನೆಯ ಒಂದು ಮಳೆಗಾಲವಿಡೀ ಹಿಂಡಿ, ತೌಡು ಕಲಸಿ ಉಂಡೆ ಮಾಡಿ ಮೀನುಗಳಿಗೆ ಹಾಕಿದವಳು ನಾನು. ಅದೇ ಕೈಯಿಂದ ಅದೇ ಮೀನುಗಳಿಗೆ ವಿಷವನ್ನೂ ಹಾಕುತ್ತಿದ್ದೆ. ಸರ್ಕಾರ ನನಗೆ ಸಂಬಳ ಕೊಡುತ್ತಿದ್ದದ್ದೇ ಆ ಕೆಲಸಕ್ಕೆ.

ಆಗ ನಾನು ನಾಶಿಕದಲ್ಲಿದ್ದೆ. ಸೊಳ್ಳೆಗಳ ಬಗ್ಗೆ ಸಂಶೋಧನೆ ಮಾಡುವ ಕೇಂದ್ರ ಸರ್ಕಾರದ ಒಂದು ಸಣ್ಣ ಕಚೇರಿ. ನಾನು ಆಳಂದದವಳು, ಪ್ರಾಣಿಶಾಸ್ತ್ರ ಓದಿ ಅಲ್ಲಿ ಸಹಾಯಕಿಯಾಗಿ ಸೇರಿದ್ದೆ. ಮದುವೆಯಾಗದ ಮಗಳನ್ನು ಪರಊರಲ್ಲಿ ಒಬ್ಬಳನ್ನೇ ಬಿಡಲಾಗದೆ ಅವ್ವ ಜೊತೆಗೆ ಬಂದಿದ್ದಳು. ಅವ್ವನಿಗೆ ಮನೆ ಮಾಲೀಕರ ಮೇಲೆ ಸಂಶಯ, ಹಾಲಿನವನ ಮೇಲೆ ಸಂಶಯ, ಮರಾಠಿಯಲ್ಲಿ ಯಾರಾದರೂ ನಕ್ಕರೆ ತನ್ನನ್ನು ನೋಡಿಯೇ ನಕ್ಕರೇನೋ ಎಂಬ ಸಂಶಯ. ಆ ಗುಣ ನನಗೂ ಹರಿದುಬಂದಿದೆ ಎಂದು ನಮ್ಮ ಬಳಗದವರು ಇವತ್ತಿಗೂ ಆಡಿಕೊಳ್ಳುತ್ತಾರೆ. ನಾನು ಅದನ್ನು ಬಯ್ಗುಳ ಎಂದುಕೊಂಡಿಲ್ಲ. ಸಂಶಯವಿಲ್ಲದವರು ಪ್ರಯೋಗಾಲಯದಲ್ಲಿ ಇರಬಾರದು.

ಕಚೇರಿಯ ಮುಖ್ಯಸ್ಥರು ಹಿರೇಮಠ ಸರ್, ಕಲಬುರಗಿಯವರು. ಅವರೂ ಲಿಂಗಾಯತರು, ನಾವೂ ಲಿಂಗಾಯತರು. ಹುಟ್ಟಿದಾಗಿನಿಂದ ಮೀನು ಬಾಯಿಗಿಡದ ಇಬ್ಬರು ಕೂತು ಒಂದು ಪುಡಿ ಮೀನಿಗೆ ಸುರಕ್ಷಿತವೋ ಅಲ್ಲವೋ ಎಂದು ತೀರ್ಮಾನಿಸಬೇಕಿತ್ತು. ಆಗ ನನಗೆ ಅದರಲ್ಲಿ ವಿಚಿತ್ರವೇನೂ ಕಂಡಿರಲಿಲ್ಲ.

ಪುಡಿ ಒಂದು ಕಂಪನಿಯಿಂದ ಬಂದಿತ್ತು. ಗೋಧಿಹಿಟ್ಟಿಗಿಂತ ಸ್ವಲ್ಪ ಕಂದು ಬಣ್ಣ, ಹುಳಿ ಬಂದ ಹಿಟ್ಟಿನ ವಾಸನೆ. ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯಾ ತನ್ನ ಒಡಲಲ್ಲಿ ಒಂದು ಪ್ರೋಟೀನನ್ನು ಹರಳಿನಂತೆ ಕಟ್ಟಿಕೊಳ್ಳುತ್ತದೆ. ಸೊಳ್ಳೆಯ ಮರಿಹುಳ ಅದನ್ನು ನುಂಗಿದರೆ ಕರುಳು ಹರಿದು ಸಾಯುತ್ತದೆ. ಮೀನು ನುಂಗಿದರೆ ಏನೂ ಆಗುವುದಿಲ್ಲ, ಅದರ ಹೊಟ್ಟೆಯ ರೀತಿಯೇ ಬೇರೆ. ಪುಸ್ತಕದಲ್ಲಿ ಹಾಗಿತ್ತು. ನನಗೆ ಪ್ರೋಟೀನಿನ ಮೇಲೆ ಅಷ್ಟು ಅನುಮಾನ ಇರಲಿಲ್ಲ. ಪೊಟ್ಟಣದ ಮೇಲೆ ಪ್ರೋಟೀನು ಇಷ್ಟು ಎಂದು ಬರೆದು, ಮಿಕ್ಕದ್ದೆಲ್ಲ ನಿರುಪದ್ರವಿ ವಸ್ತು ಎಂದು ಮುಗಿಸಿದ್ದರಲ್ಲ, ಆ ಮಿಕ್ಕದ್ದು ಏನು? ಪುಡಿ ನೀರಿನಲ್ಲಿ ತೇಲಲಿ, ಬೇಗ ಕರಗಲಿ ಎಂದು ಏನೇನು ಬೆರೆಸಿದ್ದರೋ. ಕೇಳಿ ಬರೆಸಿದರೆ ಅದು ವ್ಯಾಪಾರದ ಗುಟ್ಟು ಎಂಬ ಉತ್ತರ ಬಂತು. ಗುಟ್ಟು ಎಂದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು.

"ಮೀನಿಗಿ ವಿಷ ಹಾಕಾದು, ಸಾಯ್ತಾವೇನು ನೋಡಾದು. ಇದೂ ಒಂದು ನೌಕರಿ ಏನ?" ಎಂದು ಅವ್ವ ನನ್ನ ಸೀರೆಗಳನ್ನು ಬೇರೆ ಬಕೆಟ್ಟಿನಲ್ಲಿ ನೆನೆಹಾಕುತ್ತಿದ್ದಳು.

ಇಗತಪುರಿಯ ಕಡೆಯಿಂದ ಮೋಡ ಸಾಲುಗಟ್ಟಿ ಬರುವ ಹೊತ್ತಿಗೆ ಪ್ರಯೋಗ ಶುರುವಾಯಿತು. ತೊಟ್ಟಿಗಳ ಸಾಲು, ಪ್ರತಿಯೊಂದರಲ್ಲಿ ಬೆರಳುದ್ದದ ರೋಹು ಮರಿಗಳು. ಒಂದೊಂದು ತೊಟ್ಟಿಗೆ ಒಂದೊಂದು ಪ್ರಮಾಣದ ಪುಡಿ, ಕೊನೆಯ ತೊಟ್ಟಿಗೆ ಏನೂ ಇಲ್ಲ. ದಿನಾ ಬೆಳಿಗ್ಗೆ ಬಂದು ನೋಡಿದರೆ ಎಲ್ಲವೂ ಲಕಲಕ ಓಡಾಡುತ್ತಿದ್ದವು. ಒಂದೂ ಸತ್ತಿರಲಿಲ್ಲ. ಅದೇ ನನಗೆ ಸರಿಬರಲಿಲ್ಲ. ಪುಡಿ ಹಾಕದ ತೊಟ್ಟಿಯಲ್ಲೂ ಒಂದೆರಡು ಮರಿ ಸುಮ್ಮನೆ ಸಾಯುವುದುಂಟು. ಇಷ್ಟು ಅಚ್ಚುಕಟ್ಟಾಗಿ ಎಲ್ಲವೂ ಬದುಕಿರಬೇಕಾದರೆ ಯಾರೋ ಸತ್ತವನ್ನು ತೆಗೆದು ಹೊಸ ಮರಿ ಬಿಡುತ್ತಿರಬೇಕು. ನನಗಿಂತ ಮೊದಲು ಕಚೇರಿಗೆ ಬರುವವರು ಹಿರೇಮಠ ಸರ್ ಒಬ್ಬರೇ. ತೊಟ್ಟಿಯ ಕೋಣೆಯ ಬೀಗದ ಕೈಯನ್ನು ಅವರು ಉಡಿದಾರಕ್ಕೆ ಕಟ್ಟಿಕೊಂಡಿರುತ್ತಿದ್ದರು.

ಒಂದು ಸಂಜೆ ಮೀನಿಗೆ ಮೇವು ಹಾಕಬೇಕೆಂದು ಸರ್ ಹತ್ತಿರ ಬೀಗದ ಕೈ ಇಸಿದುಕೊಂಡು, ಎಲ್ಲರೂ ಹೋದ ಮೇಲೆ ನಾನು ಸಣ್ಣ ಕತ್ತರಿ ಹಿಡಿದು ಕೂತೆ. ಪ್ರತಿ ಮರಿಯನ್ನೂ ಒದ್ದೆ ಬಟ್ಟೆಯಲ್ಲಿ ಹಿಡಿದು ಬಾಲದ ತುದಿಯನ್ನು ಒಂದು ಎಳ್ಳಿನಷ್ಟು ಕತ್ತರಿಸಿ ಬಿಟ್ಟೆ. ಮುಂದಿನ ವಾರವೆಲ್ಲ ಎಣಿಸಿದೆ. ಬಾಲ ತುಂಡಾದ ಅವೇ ಮೀನುಗಳು, ಅಷ್ಟೂ ಜೀವಂತ. ನನಗೆ ಸಮಾಧಾನ ಆಗಬೇಕಿತ್ತು, ಸ್ವಲ್ಪ ನಿರಾಸೆಯೇ ಆಯಿತು.

ಹಿರೇಮಠ ಸರ್ ಕಣ್ಣಿಗೆ ಆ ಬಾಲಗಳು ಬೀಳದೆ ಇರಲಿಲ್ಲ. ಕರೆದು ಕೇಳಿದರು: "ನನ್ನ ಮ್ಯಾಲೂ ಸಂಶಯ ಏನ್ರಿ ಶಾಂತಾಬಾಯಿ?"

"ಎಲ್ಲರ ಮ್ಯಾಲೂ ಅದರಿ ಸರ್," ಎಂದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ.

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಚಲೋ ಆಯ್ತು. ಹಂಗಾದ್ರ ಔರಂಗಾಬಾದಕ್ಕ ನೀವೇ ನಡೀರಿ. ತೊಟ್ಟ್ಯಾಗ ಬದುಕೋದು ಬ್ಯಾರೆ, ಕೆರ್‍ಯಾಗ ಬದುಕೋದು ಬ್ಯಾರೆ."

ಈಗ ಛತ್ರಪತಿ ಸಂಭಾಜಿನಗರ ಎನ್ನುವ ಊರು ಆಗ ಔರಂಗಾಬಾದ್. ಊರು ಬಿಟ್ಟು ಗಂಗಾಪುರದ ದಾರಿ ಹಿಡಿದರೆ ರಸ್ತೆಯ ಮಗ್ಗುಲಲ್ಲಿ ಒಂದು ಕೆರೆ, ಅದರ ದಂಡೆಗೆ ಮೀನುಗಾರ ಭೋಯಿಗಳ ಒಂದು ಓಣಿ. ಹಿಂದಿನ ವರ್ಷ ಆ ಓಣಿಯಲ್ಲಿ ಚಳಿಜ್ವರ ಮನೆಮನೆಗೂ ಹೊಕ್ಕಿತ್ತು. ಕೆರೆಯ ಅಂಚಿನ ಜೊಂಡಿನಲ್ಲಿ ಸೊಳ್ಳೆ ಮರಿ ಮುತ್ತಿಕೊಂಡಿದ್ದವು. ಆದ್ದರಿಂದಲೇ ನಮ್ಮ ಕಚೇರಿ ಆ ಕೆರೆಯನ್ನು ಆರಿಸಿತ್ತು. ಓಣಿಯಲ್ಲಿ ಮಾತು ನಡೆಯುತ್ತಿದ್ದದ್ದು ಗಯಾಬಾಯಿಯದು. ಗಂಡಸರು ಬಲೆ ಬೀಸಿದರೆ ಬುಟ್ಟಿ ಹೊತ್ತು ಪೇಟೆಗೆ ಹೋಗಿ ಮಾರುವ ಹೆಂಗಸರ ಮುಂದಾಳು ಅವಳು. ಹಿಂದಿನ ವರ್ಷ ಮರಿ ಬಿಟ್ಟು ಸಾಕಿದ್ದ ಮೀನು ಈಗ ಮಾರುವ ಗಾತ್ರಕ್ಕೆ ಬಂದಿತ್ತು. ಆ ಮಳೆಗಾಲದಲ್ಲಿ ಅಷ್ಟೂ ಮನೆಗಳ ಒಲೆ ಉರಿಯಬೇಕಾದದ್ದು ಆ ಮೀನಿನಿಂದಲೇ.

ಗಯಾಬಾಯಿ ಮಾತಾಡಿದ್ದು ಮರಾಠಿ, ಇಲ್ಲಿ ನನ್ನ ಕನ್ನಡದಲ್ಲೇ ಹೇಳುತ್ತೇನೆ. "ಸೊಳ್ಳೆ ಸಾಯಲಿ, ಬೇಡ ಅನ್ನಲ್ಲ. ಮೀನಿಗೆ ಏನಾದರೂ ಆದರೆ ನಾವು ಎಲ್ಲಿಗೆ ಹೋಗೋಣ, ಅದನ್ನು ಹೇಳಿ," ಎಂದಳು. ಹಿರೇಮಠ ಸರ್ ಎದೆ ತಟ್ಟಿಕೊಂಡು ಭರವಸೆ ಕೊಟ್ಟರು. ಆ ಮಿಕ್ಕದ್ದು ಏನೆಂದು ನನಗೆ ಇನ್ನೂ ಗೊತ್ತಿರಲಿಲ್ಲ.

ಪುಡಿ ಕಲಸಿದ ನೀರನ್ನು ಕೆರೆಯ ಅಂಚಿಗೆ ಸುತ್ತಲೂ ಸಿಂಪಡಿಸಿದೆವು. ಅಲ್ಲಿಂದ ಮುಂದೆ, ದಾರಿಯಾಚೆ, ಇನ್ನೊಂದು ಕೆರೆ ಇತ್ತು. ಹೋಲಿಸಿ ನೋಡಲು ಅದಕ್ಕೆ ಏನೂ ಹಾಕದೆ ಬಿಟ್ಟೆವು. ಹಾಕಿದ ಕೆರೆಯ ದಂಡೆಗೆ ಒಂದು ಫಲಕ ನಿಲ್ಲಿಸಬೇಕೆಂದು ಹಿರೇಮಠ ಸರ್ ಹಟ ಹಿಡಿದರು. ಅವರಿಗೆ ತಮ್ಮ ಮರಾಠಿಯ ಮೇಲೆ ಬಹಳ ಅಭಿಮಾನ. ವಿಷ ಎಂದರೆ ಜನ ಹೆದರುತ್ತಾರೆ, ಕೀಟನಾಶಕ ಎಂದರೂ ಹೆದರುತ್ತಾರೆ, ಮೃದುವಾದ ಮಾತು ಬೇಕು ಎಂದು ಯೋಚಿಸಿ, ಈ ನೀರಿನಲ್ಲಿ ಔಷಧ ಹಾಕಲಾಗಿದೆ ಎಂದು ದೊಡ್ಡ ಅಕ್ಷರದಲ್ಲಿ ಬರೆಸಿದರು. ನಮ್ಮ ಕಡೆ ಹತ್ತಿ ಬೆಳೆಗೆ ಹೊಡೆಯುವ ವಿಷಕ್ಕೆ ಎಣ್ಣಿ ಎನ್ನುತ್ತಾರೆ. ಬೇಸತ್ತ ಜೀವ ಕುಡಿಯುವುದೂ ಎಣ್ಣಿಯನ್ನೇ. ಔಷಧ ನಮಗೆ ದವಾಖಾನೆಯಲ್ಲಿ ಸಿಗುವಂಥದ್ದು. ನನಗೂ ಫಲಕ ಸರಿಯಾಗಿಯೇ ಕಂಡಿತ್ತು.

ಮುಂದಿನ ಸಂತೆಯ ದಿನ ಗಯಾಬಾಯಿಯ ಬುಟ್ಟಿ ತುಂಬಿದಂತೆಯೇ ವಾಪಸು ಬಂತು. ಉಳಿದ ಹೆಂಗಸರದ್ದೂ ಹಾಗೇ. ಯಾರೋ ಬಸ್ಸಿನಿಂದ ಫಲಕ ಓದಿ ಪೇಟೆಯಲ್ಲಿ ಸುದ್ದಿ ಹಬ್ಬಿಸಿದ್ದರು. ಗಯಾಬಾಯಿ ಬುಟ್ಟಿಯನ್ನು ನನ್ನ ಕಾಲ ಬುಡದಲ್ಲಿ ಕುಕ್ಕಿದಳು.

"ಔಷಧ ಅಂತ ಬರೆದಿದ್ದೀರಲ್ಲ ಬಾಯಿ, ಹೋದ ಚಳಿಗಾಲದಲ್ಲಿ ನಮ್ಮ ಓಣಿಯ ಸೊಸೆಯೊಬ್ಬಳು ಔಷಧ ಕುಡಿದೇ ಸತ್ತಳು. ಹೊಲಕ್ಕೆ ಹೊಡೆಯೋದೂ ಔಷಧ, ಸಾಯೋಕೆ ಕುಡಿಯೋದೂ ಔಷಧ. ನಮ್ಮ ಕೆರೆಗೆ ಹಾಕಿದ್ದು ಅದೇ ಅಂತ ನೀವೇ ಬರೆದು ನೆಟ್ಟಿದ್ದೀರಿ. ಇನ್ನು ಯಾರು ತಿಂತಾರೆ?"

ನಾವು ಎಣ್ಣಿ ಎನ್ನುವುದನ್ನು ಇವರು ಔಷಧ ಎನ್ನುತ್ತಾರೆ, ಇಷ್ಟೇ ಸಂಗತಿ. ಫಲಕವನ್ನು ಆಗಲೇ ಕಿತ್ತು ಹಾಕಿದೆವು. ಅದರಿಂದ ಇನ್ನೂ ಕೆಟ್ಟಿತು. ಬರೆದದ್ದನ್ನು ಬಚ್ಚಿಡುತ್ತಿದ್ದಾರೆ ಎಂದು ಜನ ಹೇಳತೊಡಗಿದರು.

ಅದು ಸಾಲದೆಂಬಂತೆ ಮೋಡ ಕವಿಯಿತು. ಗಾಳಿ ಇಲ್ಲ, ಬಿಸಿಲಿಲ್ಲ, ಮಳೆಯೂ ಬೀಳದೆ ಆಕಾಶ ಬಿಗಿದುಕೊಂಡೇ ಇತ್ತು. ಒಂದು ಬೆಳಿಗ್ಗೆ ಕೆರೆಯಲ್ಲಿ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ದಂಡೆಯಲ್ಲಿ ನಾಲ್ಕಾರು ಸತ್ತು ತೇಲಿದ್ದವು. ನಾನು ಚಪ್ಪಲಿ ಕೈಯಲ್ಲಿ ಹಿಡಿದು ದಾರಿಯಾಚೆಯ ಕೆರೆಗೆ ಓಡಿದೆ. ಅಲ್ಲೂ ಸತ್ತಿದ್ದವು. ದೇವರೇ, ಬದುಕಿದೆ ಎಂದುಕೊಂಡೆ. ಮೋಡದ ದಿನಗಳಲ್ಲಿ ನೀರಿನ ಉಸಿರು ಕಡಿಮೆಯಾಗಿ ಮೀನು ಹೀಗೆ ಸಾಯುವುದುಂಟು. ಪುಡಿ ಹಾಕದ ಕೆರೆಯಲ್ಲೂ ಸತ್ತಿವೆ ಎಂದು ಗಯಾಬಾಯಿಗೆ ಹೇಳಿದೆ.

"ಅದಕ್ಕೆ ಹಾಕಿಲ್ಲ ಅಂತ ನೀವು ಹೇಳ್ತೀರಿ," ಎಂದಳು ಅವಳು. "ನಾನು ನೋಡಿದೆನೇ?"

ಅವಳ ಜಾಗದಲ್ಲಿ ನಾನಿದ್ದರೆ ಅದನ್ನೇ ಕೇಳುತ್ತಿದ್ದೆ. ನನಗೆ ಅವಳ ಮೇಲೆ ಸಿಟ್ಟೂ ಬಂತು, ಪ್ರೀತಿಯೂ ಬಂತು.

ನಾಶಿಕಕ್ಕೆ ಹಿಂತಿರುಗಿದ್ದ ಹಿರೇಮಠ ಸರ್ ಮತ್ತೆ ಬಂದ ದಿನ ಓಣಿಯ ಅಂಗಳದಲ್ಲಿ ಜನ ಸೇರಿದ್ದರು. ಪೇಟೆಯಿಂದ ಮೀನು ಕೊಳ್ಳುವ ಇಬ್ಬರು ಖಾನಾವಳಿಯವರನ್ನೂ ಗಯಾಬಾಯಿ ಕರೆಸಿದ್ದಳು. ಅವರು ಒಪ್ಪಿದರೆ ಪೇಟೆ ಒಪ್ಪಿದಂತೆ. ಸರ್ ಅರ್ಧ ತಾಸು ಪ್ರೋಟೀನಿನ ಬಗ್ಗೆ ಮಾತಾಡಿದರು. ಕೇಳಿಸಿಕೊಂಡ ಗಯಾಬಾಯಿ ಒಳಗೆ ಹೋಗಿ ಒಂದು ತಾಟಿನಲ್ಲಿ ಮೀನಿನ ಸಾರು, ಎರಡು ಜೋಳದ ಭಾಕ್ರಿ ತಂದು ಅವರ ಮುಂದಿಟ್ಟಳು.

"ನಮ್ಮ ಕೆರೆಯದೇ. ಬೆಳಿಗ್ಗೆ ಹಿಡಿದದ್ದು. ಊಟ ಮಾಡಿ ಸಾಹೇಬ್."

ಸರ್ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. "ಆಮ್ಹಿ ಲಿಂಗಾಯತ. ಮಾಸೆ ಖಾತ ನಾಹಿ," ಎಂದರು ಅವರು ಮೆಲ್ಲಗೆ. ನಾವು ಮೀನು ತಿನ್ನುವವರಲ್ಲ ಎಂದು.

ಜನರೊಳಗೆ ಒಂದು ಗುಸುಗುಸು ಎದ್ದಿತು. ಗಯಾಬಾಯಿ ಸೊಂಟದ ಮೇಲೆ ಕೈಯಿಟ್ಟಳು. "ಕೆರೆಗೆ ಹಾಕುವಾಗ ಜಾತಿ ಅಡ್ಡ ಬರಲಿಲ್ಲ. ಬಾಯಿಗೆ ಹಾಕುವಾಗ ಬಂತು!"

ಖಾನಾವಳಿಯವರು ಎದ್ದು ನಿಂತರು. ಸರ್ ಕೊರಳಿನ ಶಿವದಾರ ಹೊರಗೆಳೆದು ತೋರಿಸಿದರು. ಯಾರೂ ನೋಡಲಿಲ್ಲ. ನೋಡಿದರೂ ನಂಬುತ್ತಿರಲಿಲ್ಲ. ನಾವು ನಿಜ ಹೇಳುತ್ತಿದ್ದೆವು, ಆ ನಿಜವೇ ಸುಳ್ಳಿನಂತೆ ಕೇಳಿಸುತ್ತಿತ್ತು. ಇನ್ನೊಂದು ಮಾತೂ ನನ್ನನ್ನು ಒಳಗೇ ಕೊರೆಯುತ್ತಿತ್ತು. ನಾನು ಮೀನು ತಿನ್ನುವವಳೇ ಆಗಿದ್ದರೆ ಈ ತಾಟಿಗೆ ಕೈ ಹಾಕುತ್ತಿದ್ದೆನೇ?

ಔರಂಗಾಬಾದಕ್ಕೂ ನನ್ನ ಜೊತೆಗೆ ಬಂದಿದ್ದ ಅವ್ವ ಇಷ್ಟು ಹೊತ್ತೂ ಅಂಗಳದ ಮೂಲೆಯಲ್ಲಿ ಮೂಗಿಗೆ ಸೆರಗು ಹಿಡಿದು ನಿಂತಿದ್ದಳು. ನನ್ನನ್ನು ಆ ಓಣಿಗೆ ಒಬ್ಬಳನ್ನೇ ಕಳಿಸಲು ಅವಳಿಗೆ ಧೈರ್ಯವಿರಲಿಲ್ಲ. ನನ್ನ ರಟ್ಟೆ ಹಿಡಿದು ಕೇಳಿದಳು: "ಏನಂತ ಕೂಗಲತ್ತಾರ ಇವರು?"

ಹೇಳಿದೆ.

"ಆ ಕೆರಿ ನೀರು ಹೊಟ್ಟಿಗಿ ಹೋದ್ರ ಏನಾಗ್ತದ?"

"ಏನೂ ಆಗಾದಿಲ್ಲ ಅಂತಾರವ್ವಾ."

"ಅಂತಾರ ಅಂದ್ರ ಯಾರು? ನೀ ಏನಂತಿ?"

ನಾನು ಬಾಯಿ ತೆರೆದೆ, ಮಾತು ಬರಲಿಲ್ಲ. ಅವ್ವ ಒಂದು ಗಳಿಗೆ ನನ್ನನ್ನೇ ನೋಡಿದಳು. ಆಮೇಲೆ ಗಯಾಬಾಯಿಯ ಜಗುಲಿಯ ಮೇಲಿದ್ದ ತಂಬಿಗೆ ತೆಗೆದುಕೊಂಡು ಸರಸರ ಕೆರೆಗೆ ಇಳಿದಳು. ನೀರನ್ನು ಸೆರಗಿನಲ್ಲಿ ಸೋಸಿ ತುಂಬಿಕೊಂಡು ಬಂದಳು. ತನ್ನ ಹರಕು ಮರಾಠಿಯಲ್ಲಿ ಜೋಳದ ಹಿಟ್ಟು ಕೇಳಿದಳು. ಗಯಾಬಾಯಿಗೆ ಏನು ನಡೆಯುತ್ತಿದೆ ಎಂದು ತಿಳಿಯಲಿಲ್ಲ, ಆದರೂ ಹಿಟ್ಟಿನ ಡಬ್ಬಿ ತಂದಿಟ್ಟಳು.

ಮೀನು ಬೆಂದ ಒಲೆ, ಮೀನು ಮುಟ್ಟಿದ ಹಂಚು. ಹಾಲಿನವನ ಪಾತ್ರೆಯನ್ನೂ ತನ್ನ ಮನೆಯೊಳಗೆ ಬಿಡದ ಹೆಂಗಸು ಆ ಒಲೆಯ ಮುಂದೆ ಕೂತು ಕೆರೆಯ ನೀರನ್ನು ಎಸರಿಟ್ಟಳು. ಹಿಟ್ಟು ನಾದಿದಳು, ರೊಟ್ಟಿ ಬಡಿಯತೊಡಗಿದಳು. ಟಪಟಪ ಸದ್ದಿಗೆ ಓಣಿಯ ಹೆಂಗಸರು ಹತ್ತಿರ ಬಂದು ಸುತ್ತುಗಟ್ಟಿದರು. ರೊಟ್ಟಿಯೋ ಭಾಕ್ರಿಯೋ, ಬಡಿಯುವ ಕೈ ಎಲ್ಲ ಕಡೆಯೂ ಒಂದೇ. ಹಂಚಿನ ಮೇಲೆ ಹಾಕಿ, ಕೆರೆಯ ನೀರನ್ನೇ ಮೇಲೆ ಸವರಿ, ಉಬ್ಬಿದ ಮೇಲೆ ತೆಗೆದಳು.

ಬಿಸಿಗೆ ಆ ಪ್ರೋಟೀನು ಕೆಡುತ್ತದೆ ಎಂದು ನನಗೆ ಗೊತ್ತಿತ್ತು. ಸಾರು ಕುದಿಸಿದರೂ ಕೆಡುತ್ತದೆ. ಇಷ್ಟು ದಿನ ಈ ಮಾತನ್ನು ನಾವು ಯಾರಿಗೂ ಹೇಳಿರಲಿಲ್ಲ, ಏಕೆಂದರೆ ಈಜುವ ಮೀನು ಬಿಟ್ಟರೆ ಒಲೆಯ ಮೇಲಿನ ಮೀನು ಸರ್ ತಲೆಗಾಗಲಿ ನನ್ನ ತಲೆಗಾಗಲಿ ಬಂದೇ ಇರಲಿಲ್ಲ. ಈಗ ಒಲೆ ನೋಡುತ್ತಾ ನೆನಪಾಗಿ ಗಯಾಬಾಯಿಗೆ ಹೇಳಿದೆ.

"ಮೊಟ್ಟೆ ಬೆಂದು ಗಟ್ಟಿ ಆಗುತ್ತಲ್ಲ, ಹಾಗೆಯೇ?" ಎಂದು ಕೇಳಿದಳು. ನಾನು ಮೊಟ್ಟೆಯನ್ನೂ ಬೇಯಿಸಿದವಳಲ್ಲ. ಹಾಗೆಯೇ ಇರಬೇಕು ಎಂದು ತಲೆಯಾಡಿಸಿದೆ.

ಆದರೆ ಆ ಮಿಕ್ಕದ್ದು? ಕಂಪನಿಯ ಗುಟ್ಟು ಬಿಸಿಗೆ ಕೆಡುತ್ತದೋ ಇಲ್ಲವೋ ಯಾರಿಗೆ ಗೊತ್ತು? ಅವ್ವ ರೊಟ್ಟಿ ಮುರಿದಳು. ಎದುರಿಗೆ ಗಯಾಬಾಯಿ ತನ್ನ ತಾಟು ಎಳೆದುಕೊಂಡು ಕೂತಳು. ಅವ್ವ ಬರೀ ರೊಟ್ಟಿಗೆ ಉಪ್ಪು ಹಚ್ಚಿಕೊಂಡು, ಒಮ್ಮೆ ನನ್ನ ಕಡೆ ನೋಡಿ, ಬಾಯಿಗಿಟ್ಟಳು. ಗಯಾಬಾಯಿ ಮೀನಿನ ತುಂಡು ಬಾಯಿಗಿಟ್ಟಳು. ಅವಳು ಅವ್ವನ ಗಂಟಲನ್ನೇ ನೋಡುತ್ತಿದ್ದಳು. ಅವ್ವ ಮೀನು ಕಣ್ಣಿಗೆ ಬೀಳಬಾರದೆಂದು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡು ಅಗಿಯುತ್ತಿದ್ದಳು. ನಾನು ಒಂದು ಮಾರು ದೂರದಲ್ಲಿ ಕೂತಿದ್ದೆ. ನನ್ನ ಕೈಗಳು ನನ್ನ ಮಡಿಲಲ್ಲೇ ಇದ್ದವು.

ರೊಟ್ಟಿ ಪೂರ್ತಿ ಮುಗಿಯಿತು. ಖಾನಾವಳಿಯವರಲ್ಲಿ ಒಬ್ಬ ಕೆಮ್ಮಿದ, ನಾಳೆ ಒಂದು ಬುಟ್ಟಿ ಕಳಿಸಿ ನೋಡೋಣ ಎಂದ. ಮಾರನೆಯ ದಿನ ಗಯಾಬಾಯಿ ಬುಟ್ಟಿಯ ಜೊತೆಗೆ ಅವ್ವನನ್ನೂ ಹೊರಡಿಸಿಕೊಂಡು ಹೋದಳು. ಹಣೆತುಂಬ ವಿಭೂತಿ ಹಚ್ಚಿದ ನನ್ನ ಅವ್ವ ಔರಂಗಾಬಾದಿನ ಮೀನು ಪೇಟೆಯಲ್ಲಿ ಮೂಗಿಗೆ ಸೆರಗು ಹಿಡಿದು ಕೂತು, ಬಂದವರಿಗೆಲ್ಲ ಆ ಕೆರೆಯ ನೀರಿನ ರೊಟ್ಟಿ ತಾನು ಉಂಡಿದ್ದೇನೆಂದು ಕನ್ನಡ, ಹಿಂದಿ, ಮರಾಠಿ ಕಲಸಿ ಹೇಳುತ್ತಿದ್ದಳು. ಎಷ್ಟು ಜನಕ್ಕೆ ಅರ್ಥವಾಯಿತೋ. ಮೀನು ಮಾತ್ರ ಮಧ್ಯಾಹ್ನದೊಳಗೆ ಖಾಲಿಯಾಯಿತು. ಆ ವಾರ ಮಳೆಯೂ ಬಿತ್ತು, ಮೀನುಗಳು ಮೇಲೆ ಬಂದು ಬಾಯಿ ಬಿಡುವುದೂ ನಿಂತಿತು. ಕಿತ್ತ ಫಲಕವನ್ನು ಗಯಾಬಾಯಿ ಮೀನು ಕೊಯ್ಯುವ ಹಲಗೆ ಮಾಡಿಕೊಂಡಿದ್ದಳು.

ಮಳೆಗಾಲ ಮುಗಿಯುವವರೆಗೆ ನಾವು ಅಲ್ಲೇ ಇದ್ದು ಲೆಕ್ಕ ಇಟ್ಟೆವು. ಪುಡಿಯಿಂದ ಮೀನಿಗೆ ಕೇಡಾದ ಗುರುತು ಎಲ್ಲೂ ಸಿಗಲಿಲ್ಲ. ಸೊಳ್ಳೆ ಮರಿ ಕಡಿಮೆಯಾದವು, ಓಣಿಯಲ್ಲಿ ಜ್ವರವೂ ಹಿಂದಿನ ವರ್ಷದಷ್ಟು ಬರಲಿಲ್ಲ. ಆ ಮಿಕ್ಕದ್ದು ಏನೆಂದು ಕಂಪನಿ ಕೊನೆಗೂ ಹೇಳಲಿಲ್ಲ. ನನ್ನ ಸಂಶಯ ಈಗಲೂ ಹಾಗೇ ಇದೆ.

ನಾಶಿಕಕ್ಕೆ ಹಿಂತಿರುಗುವಾಗ ಮನ್ಮಾಡದಲ್ಲಿ ಗಾಡಿ ಬದಲಿಸಬೇಕಿತ್ತು. ಪ್ಲಾಟ್‌ಫಾರಂ ಬೆಂಚಿನ ಮೇಲೆ ಕೂತು ಚಹಾ ಕುಡಿಯುತ್ತಾ, ಅಷ್ಟು ದಿನದಿಂದ ನುಂಗಿಕೊಂಡಿದ್ದನ್ನು ಕೇಳಿದೆ.

"ಅಂಜಿಕಿ ಬರಲಿಲ್ಲೇನವ್ವಾ ನಿನಗ, ಆ ರೊಟ್ಟಿ ತಿನ್ನಾಗ?"

"ಬಂದಿತ್ತು."

"ಮತ್ತ್ಯಾಕ ತಿಂದಿ? ಪುಡಿ ಮ್ಯಾಲ ಅಷ್ಟು ನಂಬಿಗಿ ಬಂತಾ?"

"ಪುಡಿ ನಾ ಏನ್ ಬಲ್ಲೆ? ನೀ ಯಾರನ್ನೂ ನಂಬಾಕಿ ಅಲ್ಲ. ಹಡೆದ ತಾಯಿ ರೊಕ್ಕ ಎಣಿಸಿ ಕೊಟ್ರೂ ತಿರುಗಿ ಎಣಿಸಾಕಿ. ಅಂಥಾಕಿ ಚಲೋ ಅದ ಅಂದಮ್ಯಾಲ ಚಲೋನೇ ಇರ್ತದ."

"ನಾ ಯಾವಾಗ ಹಂಗ ಅಂದೆ? ನೀ ಕೇಳಿದಾಗ ನನ್ನ ಬಾಯಿಂದ ಮಾತೇ ಬರಲಿಲ್ಲಲ್ಲ."

ಅವ್ವ ಚಹಾದ ಕಪ್ಪು ಕೆಳಗಿಟ್ಟಳು. "ತುತ್ತು ಎತ್ತಿದಾಗ ನಿನ್ನ ಕಡಿ ನೋಡಿದೆ. ನೀ ಬಂದು ನನ್ನ ಕೈ ಹಿಡಿದು ತಡೀಲಿಲ್ಲ."

ನಾನು ಅತ್ತುಬಿಟ್ಟೆ. ಮನ್ಮಾಡದ ಪ್ಲಾಟ್‌ಫಾರಂ ಮೇಲೆ, ಅಷ್ಟು ಜನರ ನಡುವೆ, ಮುಖ ಮುಚ್ಚಿಕೊಳ್ಳದೆ ಅತ್ತೆ. ಅವ್ವ ಸುತ್ತಮುತ್ತಲಿನವರನ್ನು ಸಂಶಯದಿಂದ ನೋಡುತ್ತಾ ನನ್ನ ಕಡೆಗೆ ಸರಿದು ಕೂತಳು.